ಆರ್‌ಎಲ್ಲೋ, ಎನ್‌ಎಸ್ಸೋ: ಮಗುವಿನ ಡ್ರಿಪ್ ಬಾಟಲಿ ಆರಿಸೋದು ಯಾರು?

ನಮ್ಮ ಕಡೆ ಆಸ್ಪತ್ರೆಯಲ್ಲಿ ತೂಗುವ ಪ್ರತಿಯೊಂದು ಬಾಟಲಿಗೂ ಒಂದೇ ಹೆಸರು: ಗ್ಲೂಕೋಸ್. ಒಳಗೆ ಉಪ್ಪುನೀರಿರಲಿ, ಸಕ್ಕರೆ ನೀರಿರಲಿ, ಐದಾರು ಲವಣಗಳ ಮಿಶ್ರಣವಿರಲಿ, ‘ಗ್ಲೂಕೋಸ್ ಏರಿಸಿದಾರೆ’ ಅಂದರೆ ಮುಗೀತು. ಒಳಗೇನಿದೆ ಎಂದು ಕೇಳುವ ರೂಢಿ ನಮಗಿರಲಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಬಾಣಂತಿಯರು ಸತ್ತ ಮೇಲೆ ಆ ರೂಢಿ ಶುರುವಾಯ್ತು. ಅಲ್ಲಿಯವರೆಗೆ ನರ್ಸುಗಳ ಬಾಯಲ್ಲಿ ಮಾತ್ರ ಇದ್ದ ‘ಆರ್‌ಎಲ್’ ಎಂಬ ಎರಡಕ್ಷರ ವಿಧಾನಸಭೆ ತಲುಪಿತು, ಟೀವಿ ಚರ್ಚೆಗೆ ಬಂತು, ವಾಟ್ಸಾಪ್‌ನಲ್ಲಿ ಹರಿದಾಡಿತು.

ತೊಂದರೆ ಏನಂದರೆ, ಆ ಚರ್ಚೆ ಕೊನೆಗೆ ‘ಆರ್‌ಎಲ್ ಡೇಂಜರ್’ ಎಂಬ ಒಂದೇ ಸಾಲಿಗೆ ಬಂದು ನಿಂತುಬಿಟ್ಟಿತು. ಅದೇ ಹೊತ್ತಿಗೆ ವೈದ್ಯಕೀಯ ಲೋಕ ಕೆಲವು ಕಾಯಿಲೆಗಳಲ್ಲಿ ಬೇರೆ ದ್ರವ ಬಿಟ್ಟು ಆರ್‌ಎಲ್ ಕಡೆಗೇ ವಾಲುತ್ತಿದೆ. ಅಂಥ ಕಾಯಿಲೆಗಳಲ್ಲಿ ಒಂದು ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ. ಇದು ಬರೀ ಕುಡುಕರ ಕಾಯಿಲೆ ಎಂದುಕೊಂಡವರೇ ಜಾಸ್ತಿ. ಆದರೆ ಮಕ್ಕಳಿಗೂ ಬರುತ್ತದೆ. ಅವರ ಚಿಕಿತ್ಸೆಯಲ್ಲಿ ಈ ಬಾಟಲಿಯದ್ದೇ ದೊಡ್ಡ ಪಾತ್ರ. ಹಾಗಾಗಿ ಬಳ್ಳಾರಿಯ ಪ್ರಶ್ನೆ ಹೆರಿಗೆ ವಾರ್ಡಿಗೆ ಮುಗಿಯುವುದಿಲ್ಲ, ಮಕ್ಕಳ ವಾರ್ಡಿಗೂ ಬರುತ್ತದೆ.

ಈ ಕಾಯಿಲೆಗೆ ನೀರೇ ಯಾಕೆ ಮದ್ದು?

ಮೇದೋಜ್ಜೀರಕ ಗ್ರಂಥಿ ಹೊಟ್ಟೆಯ ಹಿಂದೆ ಅಡಗಿರುವ ಸಣ್ಣ ಅಂಗ. ಇನ್ಸುಲಿನ್ ಮಾಡುವುದೂ ಅದೇ, ಊಟ ಅರಗಿಸುವ ಕಿಣ್ವಗಳನ್ನು ತಯಾರಿಸುವುದೂ ಅದೇ. ಈ ಕಿಣ್ವಗಳು ಕರುಳಿಗೆ ಹೋದ ಮೇಲೆ ಚುರುಕಾಗಬೇಕು. ಗ್ರಂಥಿಯೊಳಗೇ ಚುರುಕಾದರೆ ಗ್ರಂಥಿಯನ್ನೇ ಅರಗಿಸಲು ಶುರು ಮಾಡುತ್ತವೆ. ಮಕ್ಕಳಲ್ಲಿ ಹೀಗಾಗಲು ಕಾರಣ ಹಲವು. ಪಿತ್ತಕೋಶದ ಕಲ್ಲು, ಪಿತ್ತನಾಳದ ಹುಟ್ಟು ದೋಷ, ಸೈಕಲ್ ಹ್ಯಾಂಡಲ್ ಹೊಟ್ಟೆಗೆ ಬಡಿದ ಪೆಟ್ಟು, ಮಂಗನಬಾವಿನಂಥ ವೈರಸ್ ಸೋಂಕು, ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಅಥವಾ ರಕ್ತ ಕ್ಯಾನ್ಸರಿಗೆ ಕೊಡುವ ಆಸ್ಪರಾಜಿನೇಸ್‌ನಂಥ ಔಷಧಿ, ನಾಳದೊಳಗೆ ನುಗ್ಗುವ ಜಂತುಹುಳು, ವಂಶವಾಹಿ ದೋಷ. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ.

ಪತ್ತೆಗೆ ಮೂರು ಗುರುತುಗಳಿವೆ: ಹೊಟ್ಟೆನೋವು, ರಕ್ತದಲ್ಲಿ ಅಮೈಲೇಸ್ ಅಥವಾ ಲೈಪೇಸ್ ಮಾಮೂಲಿ ಮಿತಿಯ 3 ಪಟ್ಟು ಅಥವಾ ಅದಕ್ಕೂ ಮೇಲೆ, ಸ್ಕ್ಯಾನ್‌ನಲ್ಲಿ ಲಕ್ಷಣ. ಮೂರರಲ್ಲಿ ಎರಡು ಇದ್ದರೆ ಪ್ಯಾಂಕ್ರಿಯಾಟೈಟಿಸ್. ಆದರೆ ಇದನ್ನು ನೇರವಾಗಿ ಗುಣಪಡಿಸುವ ಗುಳಿಗೆಯಾಗಲೀ ಇಂಜೆಕ್ಷನ್ನಾಗಲೀ ಇಲ್ಲ. ನೋವು ತಗ್ಗಿಸಬೇಕು, ಬೇಗ ಊಟ ಶುರು ಮಾಡಿಸಬೇಕು, ಸರಿಯಾದ ದ್ರವವನ್ನು ಸರಿಯಾದ ಪ್ರಮಾಣದಲ್ಲಿ ಕೊಡಬೇಕು. ಉರಿಯೂತದಲ್ಲಿ ರಕ್ತನಾಳಗಳು ಸೋರಲು ಶುರುವಾಗಿ ನೀರು ಹೊರಗಿನ ಅಂಗಾಂಶಕ್ಕೆ ಹೋಗುತ್ತದೆ. ವಾಂತಿಯಲ್ಲೂ ಹೋಗುತ್ತದೆ. ರಕ್ತ ಗಟ್ಟಿಯಾಗಿ ಗ್ರಂಥಿಗೆ ಹರಿವು ಕಮ್ಮಿಯಾದರೆ ಅದರ ಭಾಗಗಳು ಸಾಯುತ್ತವೆ, ಕಿಡ್ನಿಗೂ ಪೆಟ್ಟು ಬೀಳುತ್ತದೆ. ಅದಕ್ಕೇ ಮೊದಲ ಒಂದೆರಡು ದಿನ ಏನು ಹರಿಸುತ್ತೇವೆ, ಎಷ್ಟು ಹರಿಸುತ್ತೇವೆ ಎಂಬುದೇ ಚಿಕಿತ್ಸೆ.

ಎರಡು ಬಾಟಲಿಗಳ ಜಗಳ

ಸ್ಪರ್ಧೆ ಇರುವುದು ಎರಡರ ನಡುವೆ. ಒಂದು ನಾರ್ಮಲ್ ಸಲೈನ್, ಎನ್‌ಎಸ್. ಹೆಸರು ‘ನಾರ್ಮಲ್’, ಆದರೆ ನಮ್ಮ ರಕ್ತಕ್ಕೆ ಹೋಲಿಸಿದರೆ ಅಷ್ಟೇನೂ ನಾರ್ಮಲ್ ಅಲ್ಲ. ಒಂದು ಲೀಟರಿನಲ್ಲಿ ಸೋಡಿಯಂ 154 ಯೂನಿಟ್, ಕ್ಲೋರೈಡ್ ಕೂಡ 154. ನಮ್ಮ ರಕ್ತದಲ್ಲಿ ಕ್ಲೋರೈಡ್ ಇರುವುದು 100ರ ಆಸುಪಾಸು. ಲೀಟರುಗಟ್ಟಲೆ ಎನ್‌ಎಸ್ ಹರಿಸಿದರೆ ಕ್ಲೋರೈಡ್ ಏರಿ ರಕ್ತ ಆಮ್ಲೀಯವಾಗುತ್ತದೆ. ಆಮ್ಲೀಯ ವಾತಾವರಣದಲ್ಲಿ ಗ್ರಂಥಿಯ ಕಿಣ್ವಗಳು ಇನ್ನಷ್ಟು ಕೆರಳುತ್ತವೆ ಎಂಬುದು ಪ್ರಯೋಗಾಲಯದ ಅಧ್ಯಯನಗಳ ಸೂಚನೆ.

ಇನ್ನೊಂದು ರಿಂಗರ್ ಲ್ಯಾಕ್ಟೇಟ್, ಆರ್‌ಎಲ್. ಇದರಲ್ಲಿ ಸೋಡಿಯಂ 130ರ ಹತ್ತಿರ, ಕ್ಲೋರೈಡ್ 109ರ ಹತ್ತಿರ, ಜೊತೆಗೆ ಸ್ವಲ್ಪ ಪೊಟ್ಯಾಸಿಯಂ, ಸ್ವಲ್ಪ ಕ್ಯಾಲ್ಸಿಯಂ, 28ರಷ್ಟು ಲ್ಯಾಕ್ಟೇಟ್. ಈ ಲ್ಯಾಕ್ಟೇಟನ್ನು ಲಿವರ್ ಬೈಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ಹಾಗಾಗಿ ಆಮ್ಲ ತಗ್ಗುತ್ತದೆ. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯ ಬಡಿಯುತ್ತಲೇ ಇರಲು ಯಾವ ಲವಣಗಳು ಬೇಕು ಎಂದು ಹುಡುಕುತ್ತಾ ಮೂಲ ದ್ರಾವಣ ಕಂಡುಕೊಂಡರು. 1930ರ ದಶಕದಲ್ಲಿ ಅದಕ್ಕೆ ಲ್ಯಾಕ್ಟೇಟ್ ಸೇರಿಸಿದವರು ಅಮೆರಿಕದ ಸೇಂಟ್ ಲೂಯಿಯ ಅಲೆಕ್ಸಿಸ್ ಹಾರ್ಟ್‌ಮನ್. ಅವರು ಮಕ್ಕಳ ಡಾಕ್ಟರು. ಅಂದರೆ ಇವತ್ತು ಜನ ಹೆದರುವ ಈ ಬಾಟಲಿ ಈಗಿನ ರೂಪ ಪಡೆದದ್ದೇ ಕಾಯಿಲೆ ಬಿದ್ದ ಮಕ್ಕಳಿಗಾಗಿ. ವಾಂತಿ-ಭೇದಿಯಿಂದ ತೀವ್ರ ನಿರ್ಜಲೀಕರಣವಾದ ಮಗುವಿಗೂ ವಿಶ್ವ ಆರೋಗ್ಯ ಸಂಸ್ಥೆ ಮೊದಲು ಹೇಳುವುದು ಆರ್‌ಎಲ್, ಅದು ಸಿಗದಿದ್ದರೆ ಎನ್‌ಎಸ್.

ಪುರಾವೆ ಏನನ್ನುತ್ತದೆ? ದೊಡ್ಡವರ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಆರ್‌ಎಲ್ ಕೊಟ್ಟವರಿಗೆ ಉರಿಯೂತದ ಲಕ್ಷಣ ಕಮ್ಮಿ ಎಂದು 2011ರ ಒಂದು ಸಣ್ಣ ಪ್ರಯೋಗ ತೋರಿಸಿತು. 2024ರಲ್ಲಿ ಅಮೆರಿಕದ ಜಠರ-ಕರುಳು ತಜ್ಞರ ಸಂಘ ಎನ್‌ಎಸ್‌ಗಿಂತ ಆರ್‌ಎಲ್ ಲೇಸು ಎಂದು ಸಲಹೆ ನೀಡಿತು. ಮಕ್ಕಳ ವಿಷಯದಲ್ಲಿ, ಅಮೆರಿಕದ ಮಕ್ಕಳ ಆಸ್ಪತ್ರೆಗಳ ದಾಖಲೆ ಪರಿಶೀಲಿಸಿದ 2020ರ ಅಧ್ಯಯನವೊಂದು ಆರ್‌ಎಲ್ ಪಡೆದ ಮಕ್ಕಳು ಬೇಗ ಮನೆಗೆ ಹೋದರು ಎಂದಿತು. ಆದರೆ ಅದು ಹಳೇ ದಾಖಲೆಗಳ ಲೆಕ್ಕ, ನೇರ ಪ್ರಯೋಗವಲ್ಲ. ನಮ್ಮದೇ ದೇಶದ 4 ಮಕ್ಕಳ ಐಸಿಯುಗಳಲ್ಲಿ, ಸೆಪ್ಟಿಕ್ ಶಾಕ್‌ನಲ್ಲಿದ್ದ 708 ಮಕ್ಕಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಮತೋಲಿತ ದ್ರವ ಪಡೆದವರಲ್ಲಿ ಶೇ 21ರಷ್ಟು ಮಕ್ಕಳ ಕಿಡ್ನಿಗೆ ಪೆಟ್ಟಾಯಿತು. ಸಲೈನ್ ಪಡೆದವರಲ್ಲಿ ಅದು ಶೇ 33. ಕಾಯಿಲೆ ಬೇರೆ, ಆದರೆ ದಿಕ್ಕು ಒಂದೇ.

ಹಾಗಂತ ಆರ್‌ಎಲ್ ಎಲ್ಲದಕ್ಕೂ ರಾಮಬಾಣ ಅಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿಯಾಗಿ ಪ್ಯಾಂಕ್ರಿಯಾಟೈಟಿಸ್ ಬಂದಿದ್ದರೆ ಕ್ಯಾಲ್ಸಿಯಂ ಇರುವ ಆರ್‌ಎಲ್ ಬೇಡ. ಸೈಕಲ್ಲಿಂದ ಬಿದ್ದು ಹೊಟ್ಟೆಯ ಜೊತೆ ತಲೆಗೂ ಪೆಟ್ಟಾಗಿದ್ದರೆ ಎನ್‌ಎಸ್ ವಾಸಿ. ಸೆಫ್‌ಟ್ರಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಅನ್ನು ಆರ್‌ಎಲ್ ಜೊತೆ ಅದೇ ನಳಿಕೆಯಲ್ಲಿ ಬೆರೆಸಬಾರದು. ಮಗುವಿನ ರಕ್ತದ ಸಕ್ಕರೆ ನೋಡಿಕೊಂಡು ಡೆಕ್ಸ್‌ಟ್ರೋಸ್ ಸೇರಿಸಬೇಕಾಗುತ್ತದೆ. ಅಂದರೆ ಪ್ರತಿ ಆಸ್ಪತ್ರೆಯ ಕಪಾಟಿನಲ್ಲೂ ಎರಡೂ ಬಾಟಲಿ ಇರಬೇಕು, ಯಾವಾಗ ಯಾವುದು ಎಂದು ಬಲ್ಲ ಮನುಷ್ಯರೂ ಇರಬೇಕು.

‘ಜಾಸ್ತಿ ಹಾಕಿ’ ಎಂಬ ಒತ್ತಡ

ಯಾವ ದ್ರವ ಎಂಬುದಕ್ಕಿಂತ ಎಷ್ಟು ಎಂಬುದು ದೊಡ್ಡ ಪ್ರಶ್ನೆ ಎಂದು ಕಳೆದ ಕೆಲವು ವರ್ಷಗಳ ಪುರಾವೆ ಹೇಳುತ್ತಿದೆ. 2022ರಲ್ಲಿ ಪ್ರಕಟವಾದ ವಾಟರ್‌ಫಾಲ್ ಎಂಬ ಪ್ರಯೋಗ ಭಾರತ, ಸ್ಪೇನ್, ಇಟಲಿ, ಮೆಕ್ಸಿಕೋಗಳ 18 ಕೇಂದ್ರಗಳಲ್ಲಿ ನಡೆಯಿತು. ದೊಡ್ಡವರ ಮೇಲೆ ನಡೆದ ಪ್ರಯೋಗ, ಎರಡೂ ಗುಂಪಿಗೆ ಆರ್‌ಎಲ್ಲೇ. ಒಂದು ಗುಂಪಿಗೆ ಧಾರಾಳವಾಗಿ, ಇನ್ನೊಂದಕ್ಕೆ ಹಿಡಿತದಲ್ಲಿ. ಧಾರಾಳ ಗುಂಪಿನಲ್ಲಿ ಶೇ 20.5 ಜನರ ಮೈಯಲ್ಲಿ ನೀರು ಅತಿಯಾಯಿತು, ಹಿಡಿತದ ಗುಂಪಿನಲ್ಲಿ ಶೇ 6.3. ಲಾಭವೇನೂ ಕಾಣಲಿಲ್ಲ. ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಅದಕ್ಕೂ ಮುಂಚೆ 2011ರಲ್ಲಿ ಉಗಾಂಡಾ, ಕೀನ್ಯಾ, ಟಾಂಜಾನಿಯಾಗಳಲ್ಲಿ ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದ 3,141 ಮಕ್ಕಳ ಮೇಲೆ ನಡೆದ ಫೀಸ್ಟ್ ಪ್ರಯೋಗ ಇನ್ನೂ ಕಟುವಾಗಿತ್ತು. ದ್ರವವನ್ನು ಒಮ್ಮೆಲೇ ಸುರಿದ ಗುಂಪುಗಳಲ್ಲಿ 48 ಗಂಟೆಯೊಳಗೆ ಸತ್ತವರು ಶೇ 10.5ರ ಆಸುಪಾಸು, ಹಾಗೆ ಸುರಿಯದ ಗುಂಪಿನಲ್ಲಿ ಶೇ 7.3.

ಮಕ್ಕಳ ಪ್ಯಾಂಕ್ರಿಯಾಟೈಟಿಸ್‌ಗೆ ಉತ್ತರ ಅಮೆರಿಕದ ಮಕ್ಕಳ ಜಠರ ತಜ್ಞರು 2018ರಲ್ಲಿ ಕೊಟ್ಟ ಮಾರ್ಗಸೂಚಿ ಹೀಗಿದೆ: ರಕ್ತಸಂಚಾರ ಕುಗ್ಗಿದ್ದರೆ ಮೊದಲು ಕೆ.ಜಿ.ಗೆ 10ರಿಂದ 20 ಮಿ.ಲೀ., ಆಮೇಲೆ ದಿನನಿತ್ಯದ ಅಗತ್ಯದ ಒಂದೂವರೆಯಿಂದ ಎರಡು ಪಟ್ಟು, ಜೊತೆಗೆ ಮೂತ್ರದ ಪ್ರಮಾಣದ ಮೇಲೆ ಕಣ್ಣು. 20 ಕೆ.ಜಿ. ಮಗುವಿನ ಲೆಕ್ಕ ಹಾಕೋಣ. 1957ರಿಂದ ಬಳಕೆಯಲ್ಲಿರುವ ಸೂತ್ರದಂತೆ ದಿನಕ್ಕೆ 1,500 ಮಿ.ಲೀ. ಬೇಕು. ಅದರ ಒಂದೂವರೆ ಪಟ್ಟು 2,250 ಮಿ.ಲೀ., ಅಂದರೆ ಗಂಟೆಗೆ ಸುಮಾರು 94. ಇನ್‌ಫ್ಯೂಷನ್ ಪಂಪ್ ಇಲ್ಲದ ವಾರ್ಡಿನಲ್ಲಿ ಮಾಮೂಲಿ ಸೆಟ್ ಇದ್ದರೆ ನಿಮಿಷಕ್ಕೆ 31 ಹನಿ. ನರ್ಸು ಗಡಿಯಾರ ನೋಡಿಕೊಂಡು ಹನಿ ಎಣಿಸಿ ಚಕ್ರ ತಿರುಗಿಸಬೇಕು. ಮಗು ಕೈ ಮಡಚಿದರೆ ಹನಿ ನಿಲ್ಲುತ್ತದೆ, ಯಾರೋ ಚಕ್ರ ಸಡಿಲಿಸಿದರೆ ಅರ್ಧ ದಿನದ ದ್ರವ ಒಂದು ಗಂಟೆಯಲ್ಲಿ ಒಳಗೆ ಹೋಗಿರುತ್ತದೆ. ಅಮೆರಿಕದ ಮಾರ್ಗಸೂಚಿ ಒಂದು ಸಾಲಿನಲ್ಲಿ ಹೇಳಿದ ‘ಮೂತ್ರದ ಪ್ರಮಾಣ ಗಮನಿಸಿ’ ಎಂಬುದಕ್ಕೆ ಇಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬ ಮನುಷ್ಯ ಬೇಕು. ಆ ಮನುಷ್ಯನಿಗೆ ಎಷ್ಟು ಹಾಸಿಗೆಗಳ ಹೊಣೆ ಇದೆ ಎನ್ನುವುದು ವೈದ್ಯಕೀಯ ಪ್ರಶ್ನೆಯಲ್ಲ, ನೇಮಕಾತಿಯ ಪ್ರಶ್ನೆ, ಬಜೆಟ್ಟಿನ ಪ್ರಶ್ನೆ.

ಎಂ.ಸಿ.ಸಿ. ಬಡಾವಣೆಯಲ್ಲೊಂದು ನ್ಯಾಯ, ತಾಲ್ಲೂಕಲ್ಲೊಂದು

ದಾವಣಗೆರೆಗೆ ವೈದ್ಯಕೀಯ ನಗರಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1965ರಲ್ಲಿ ಶುರುವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ, ಎಂ.ಸಿ.ಸಿ. ಬಿ ಬ್ಲಾಕಿನ ಬಾಪೂಜಿ ದಂತ ಕಾಲೇಜು, ಮಕ್ಕಳಿಗಾಗಿಯೇ ಇರುವ ಬಾಪೂಜಿ ಮಕ್ಕಳ ಆರೋಗ್ಯ ಸಂಸ್ಥೆ, ಸರ್ಕಾರದ ಚಿಗಟೇರಿ ಜಿಲ್ಲಾಸ್ಪತ್ರೆ. ಆದರೆ ಇಲ್ಲಿನ ಎರಡೂ ವೈದ್ಯಕೀಯ ಕಾಲೇಜುಗಳು ಖಾಸಗಿ. ಸರ್ಕಾರಿ ಕಾಲೇಜು ಬೇಕು ಎಂಬುದು ಊರಿನ ಹಳೇ ಬೇಡಿಕೆ. ವಾರ್ಡಿನಲ್ಲಿ ಹಗಲು ರಾತ್ರಿ ದುಡಿಯುವ ಕಿರಿಯ ವೈದ್ಯರ ಸ್ಥಿತಿ ಹೇಗಿದೆ ಅಂತ 2020ರ ಜುಲೈನಲ್ಲಿ ಇದೇ ಊರಿನ ಬೀದಿ ಕಂಡಿತು. ಸರ್ಕಾರಿ ಕೋಟಾದ ವಿದ್ಯಾರ್ಥಿ ವೈದ್ಯರು ತಿಂಗಳುಗಟ್ಟಲೆ ಬಾರದ ಸ್ಟೈಪೆಂಡ್‌ಗಾಗಿ ಕೋವಿಡ್ ನಡುವೆಯೇ ಧರಣಿ ಕೂತಿದ್ದರು.

ಈಗ ಎರಡು ಮಕ್ಕಳನ್ನು ಊಹಿಸಿಕೊಳ್ಳಿ. ಎಂ.ಸಿ.ಸಿ. ಬಡಾವಣೆಯ ಮಗುವಿಗೆ ನೋವು ಬಂದರೆ ಕೂಗಳತೆಯಲ್ಲಿ ಮಕ್ಕಳ ತಜ್ಞರಿದ್ದಾರೆ. ಒಂದು ಕಂಪನಿಯ ಬಾಟಲಿ ಮೇಲೆ ಅನುಮಾನ ಬಂದರೆ ಖಾಸಗಿ ಆಸ್ಪತ್ರೆ ಮರುದಿನವೇ ಬೇರೆ ಕಂಪನಿಯದ್ದು ತರಿಸುತ್ತದೆ. ಜಗಳೂರಿನ ಅಥವಾ ಹೊನ್ನಾಳಿಯ ಮಗುವಿಗೆ ಮೊದಲ ಬಾಟಲಿ ಸಿಗುವುದು ತಾಲ್ಲೂಕು ಆಸ್ಪತ್ರೆಯಲ್ಲಿ. ಅಲ್ಲಿ ಕಪಾಟಿಗೆ ಬಂದದ್ದೇ ಬಾಟಲಿ. ಕಪಾಟಿಗೆ ಯಾವುದು ಬರಬೇಕೆಂದು ತೀರ್ಮಾನವಾಗುವುದು ಬೆಂಗಳೂರಿನ ಟೆಂಡರಿನಲ್ಲಿ. ಹೆದರಿದ ಪೋಷಕರು ‘ಸರ್ಕಾರಿ ಬಾಟಲಿ ಬೇಡ’ ಅಂದರೆ ಚೀಟಿ ಹಿಡಿದು ಹೊರಗಿನ ಮೆಡಿಕಲ್ ಶಾಪಿಗೆ ಓಡಬೇಕು. ಅಲ್ಲಿಗೆ ಉಚಿತ ಚಿಕಿತ್ಸೆ ಎಂಬ ಮಾತು ಮುಗೀತು.

ಬಳ್ಳಾರಿ ಕಲಿಸಿದ್ದೇನು, ನಾವು ಕಲಿತದ್ದೇನು

2024ರ ನವೆಂಬರ್ 9ರಿಂದ 11ರವರೆಗೆ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್ ಆದವು. 7 ಬಾಣಂತಿಯರ ಕಿಡ್ನಿ ಮತ್ತಿತರ ಅಂಗಗಳು ಕೈಕೊಟ್ಟವು, 5 ಮಂದಿ ತೀರಿಕೊಂಡರು. ತಜ್ಞರ ಸಮಿತಿಯ ಅನುಮಾನ ಪಶ್ಚಿಮ ಬಂಗ ಫಾರ್ಮಾಸ್ಯುಟಿಕಲ್ ಪೂರೈಸಿದ್ದ ಆರ್‌ಎಲ್ ಮೇಲೆ ಬಿತ್ತು. ರಾಜ್ಯ ಸರ್ಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು, ಕಂಪನಿಯ ಮೇಲೆ ಕ್ರಮ ಎಂದಿತು. 2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನಿಪುರ ವೈದ್ಯಕೀಯ ಕಾಲೇಜಿನಲ್ಲಿ ಸಿಸೇರಿಯನ್ ನಂತರ 5 ಮಹಿಳೆಯರು ಅಸ್ವಸ್ಥರಾಗಿ ಒಬ್ಬರು ಸತ್ತಾಗ ಅದೇ ಕಂಪನಿಯ ಆರ್‌ಎಲ್ ಹೆಸರು ಮತ್ತೆ ಬಂತು. ಅಲ್ಲಿನ ಸರ್ಕಾರ ಅಮಾನತು ಮಾಡಿದ್ದು 12 ವೈದ್ಯರನ್ನು. ಹಿರಿಯರಿಲ್ಲದೆ ಕಿರಿಯರು ಶಸ್ತ್ರಚಿಕಿತ್ಸೆ ಮಾಡಿದರು ಎಂಬುದು ಅದರ ಆರೋಪ. ಒಂದು ರಾಜ್ಯ ಬಾಟಲಿಯತ್ತ ಬೆರಳು ತೋರಿಸಿತು, ಇನ್ನೊಂದು ಡಾಕ್ಟರತ್ತ.

ಇದರಲ್ಲಿ ಹೆಚ್ಚು ಚರ್ಚೆಯಾಗಬೇಕಿದ್ದ ಸಂಗತಿ ಬೇರೆಯೇ ಇದೆ. ಬಳ್ಳಾರಿಗೆ ಮುಂಚೆಯೇ ಈ ಕಂಪನಿಯ ಕೆಲವು ಬ್ಯಾಚುಗಳು ಗುಣಮಟ್ಟದವಲ್ಲ ಎಂದು ನಮ್ಮ ರಾಜ್ಯದ ಪ್ರಯೋಗಾಲಯ ಹೇಳಿತ್ತು. ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತು. ತಡೆಹಿಡಿದ ದಾಸ್ತಾನು ಮತ್ತೆ ಬಳಕೆಗೆ ಬಂತು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 25ನೇ ಕಲಂ ಪ್ರಕಾರ ರಾಜ್ಯದ ವಿಶ್ಲೇಷಕರ ವರದಿಯನ್ನು ಕಂಪನಿ 28 ದಿನದೊಳಗೆ ಪ್ರಶ್ನಿಸಬಹುದು, ಆಮೇಲೆ ಕೇಂದ್ರ ಪ್ರಯೋಗಾಲಯದ ವರದಿಯೇ ಅಂತಿಮ ಸಾಕ್ಷ್ಯ. ಕಂಪನಿಯನ್ನು ಜೈಲಿಗೆ ಕಳಿಸಬೇಕೋ ಬೇಡವೋ ಎಂದು ನ್ಯಾಯಾಲಯ ತೀರ್ಮಾನಿಸಲು ಈ ನಿಯಮ ಸರಿಯೇ. ಆದರೆ ಬಾಟಲಿಯನ್ನು ಮಗುವಿನ ನರಕ್ಕೆ ಹಾಕಬೇಕೋ ಬೇಡವೋ ಎಂಬುದಕ್ಕೂ ಅದನ್ನೇ ಅಳತೆಗೋಲು ಮಾಡಿಕೊಂಡರೆ ಹೇಗೆ? ಸಾವಿರಾರು ಬಾಟಲಿಗಳ ಬ್ಯಾಚಿನಲ್ಲಿ ಕೆಲವನ್ನಷ್ಟೇ ಪರೀಕ್ಷೆ ಮಾಡುತ್ತಾರೆ. ಒಂದು ಮಾದರಿ ಕೆಟ್ಟಿದ್ದು ಇನ್ನೊಂದು ಮಾದರಿ ಚೆನ್ನಾಗಿರುವುದು ಸಾಧ್ಯ. ಕೋರ್ಟಿನಲ್ಲಿ ಅನುಮಾನದ ಲಾಭ ಆರೋಪಿಗೆ. ವಾರ್ಡಿನಲ್ಲಿ ಅದು ರೋಗಿಗೆ ಸಿಗಬೇಕು.

‘ಹಾಗೆ ಎಲ್ಲ ತಡೆದರೆ ದಾಸ್ತಾನು ಖಾಲಿಯಾಗುತ್ತೆ, ಜೀವ ಹೋಗುತ್ತೆ’ ಎಂಬ ವಾದವಿದೆ. ತಳ್ಳಿಹಾಕುವಂಥ ವಾದವಲ್ಲ. ಆದರೆ ಇಲ್ಲೇ ವೈದ್ಯಕೀಯ ಪುರಾವೆ ನೆರವಿಗೆ ಬರುತ್ತದೆ. ಮಕ್ಕಳ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಆರ್‌ಎಲ್‌ಗೂ ಎನ್‌ಎಸ್‌ಗೂ ಇರುವ ವ್ಯತ್ಯಾಸ ಸಾವು-ಬದುಕಿನದು ಎಂದು ಯಾರೂ ಸಾಬೀತು ಮಾಡಿಲ್ಲ. 2018ರ ಮಾರ್ಗಸೂಚಿ ಕೂಡ ಎರಡಕ್ಕೂ ಜಾಗ ಕೊಟ್ಟಿದೆ. ಕಲುಷಿತ ಬಾಟಲಿಗೂ ಶುದ್ಧ ಬಾಟಲಿಗೂ ಇರುವ ವ್ಯತ್ಯಾಸ ಮಾತ್ರ ಖಂಡಿತ ಸಾವು-ಬದುಕಿನದು. ಹಾಗಾದರೆ ಅನುಮಾನದ ಆರ್‌ಎಲ್ ಬ್ಯಾಚನ್ನು ತರಾತುರಿಯಲ್ಲಿ ಬಿಡುಗಡೆ ಮಾಡಬೇಕಾದ ಯಾವ ಒತ್ತಡವೂ ಇಲ್ಲ. ಬೇರೆ ಕಂಪನಿಯ ಆರ್‌ಎಲ್ ಬರುವ ತನಕ ಒಳ್ಳೆಯ ಎನ್‌ಎಸ್‌ನಲ್ಲಿ, ಪ್ರಮಾಣದ ಮೇಲೆ ಹಿಡಿತವಿಟ್ಟು ಚಿಕಿತ್ಸೆ ನಡೆಸಬಹುದು. ಹಾಗೆಯೇ ಭಯಬಿದ್ದು ಆರ್‌ಎಲ್ ಅನ್ನೇ ಶಾಶ್ವತವಾಗಿ ಮೂಲೆಗೆ ತಳ್ಳುವುದೂ ತಪ್ಪು. ಅನುಮಾನ ಬಿದ್ದದ್ದು ಬ್ಯಾಚುಗಳ ಮೇಲೆ, ಆ ಬ್ಯಾಚುಗಳನ್ನು ಒಳಗೆ ಬಿಟ್ಟ ವ್ಯವಸ್ಥೆಯ ಮೇಲೆ. ರಿಂಗರ್, ಹಾರ್ಟ್‌ಮನ್ ಬರೆದ ಸೂತ್ರದ ಮೇಲಲ್ಲ.

ಇದು ಬರೀ ಆರ್‌ಎಲ್ ಕಥೆಯೂ ಅಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ 20ಕ್ಕೂ ಹೆಚ್ಚು ಮಕ್ಕಳು ಕೆಮ್ಮಿನ ಸಿರಪ್ ಕುಡಿದು ಕಿಡ್ನಿ ಕೆಟ್ಟು ಸತ್ತರು. ತಮಿಳುನಾಡಿನಲ್ಲಿ ತಯಾರಾದ ಆ ಕೋಲ್ಡ್ರಿಫ್ ಸಿರಪ್‌ನಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇತ್ತು. ಅಲ್ಲೂ ಮೊದಲು ಬಂಧನವಾದದ್ದು ಚೀಟಿ ಬರೆದ ಡಾಕ್ಟರು.

ಕೇಳಬೇಕಾದ ಪ್ರಶ್ನೆಗಳು

ಏನು ಬದಲಾಗಬೇಕು? ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಕೊಳ್ಳುವ ಪ್ರತಿ ಬ್ಯಾಚಿನ ಪರೀಕ್ಷಾ ಫಲಿತಾಂಶ ಸಾರ್ವಜನಿಕವಾಗಿರಬೇಕು. ರಾಜ್ಯ ಮತ್ತು ಕೇಂದ್ರದ ವರದಿಗಳು ಬೇರೆಬೇರೆಯಾದಾಗ ಎರಡೂ ಕಾಣಬೇಕು. ಅಂಥ ಬ್ಯಾಚು ವಾರ್ಡಿಗೆ ಹೋಗಬಾರದು. ಮಗುವಿನ ಕೇಸ್ ಶೀಟಿನಲ್ಲಿ ‘ಆರ್‌ಎಲ್ 500 ಮಿ.ಲೀ.’ ಎಂದಷ್ಟೇ ಬರೆಯದೆ ಕಂಪನಿ ಮತ್ತು ಬ್ಯಾಚ್ ನಂಬರನ್ನೂ ಬರೆಯಬೇಕು. ಇಲ್ಲದಿದ್ದರೆ ನಾಳೆ ಏನಾದರೂ ಆದಾಗ ಯಾವ ಬಾಟಲಿ ಎಂದು ಹುಡುಕುವುದೇ ಅಸಾಧ್ಯ. ಮಕ್ಕಳಿಗೆ ಡ್ರಿಪ್ ಹಾಕುವ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಸಣ್ಣ ಹನಿಯ ಸೆಟ್ಟು, ಸಾಧ್ಯವಾದಲ್ಲಿ ಪಂಪು, ಗೋಡೆಗೆ ಅಂಟಿಸಿದ ಒಂದು ಪುಟದ ಕನ್ನಡ ಸೂಚನೆ, ರಾತ್ರಿ ಪಾಳಿಗೆ ಸಾಕಷ್ಟು ನರ್ಸುಗಳು ಬೇಕು. ಇದರಲ್ಲಿ ಯಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ.

ಇದರ ಒಂದು ಭಾಗವನ್ನು ನೀವೇ ಶುರು ಮಾಡಬಹುದು. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮೂರು ಪ್ರಶ್ನೆ ಹಾಕಿ. ಕಳೆದ ಒಂದು ವರ್ಷದಲ್ಲಿ ಬಂದ ಆರ್‌ಎಲ್, ಎನ್‌ಎಸ್ ಬಾಟಲಿಗಳ ಕಂಪನಿ, ಬ್ಯಾಚ್ ನಂಬರ್ ಯಾವುವು? ಎಷ್ಟು ಬ್ಯಾಚುಗಳನ್ನು ತಡೆಹಿಡಿಯಲಾಯಿತು, ಎಷ್ಟನ್ನು ಮತ್ತೆ ಬಿಡಲಾಯಿತು, ಯಾರ ಆದೇಶದ ಮೇಲೆ? ಮಕ್ಕಳ ವಾರ್ಡಿನಲ್ಲಿ ರಾತ್ರಿ ಎಷ್ಟು ಹಾಸಿಗೆಗೆ ಒಬ್ಬ ನರ್ಸು? 30 ದಿನದಲ್ಲಿ ಉತ್ತರ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಡ್ರಿಪ್ ಹಾಕಿದ ಮೇಲೆ ಮಗುವಿಗೆ ಚಳಿ ನಡುಕ, ಉಸಿರಾಟದ ತೊಂದರೆ, ಮೂತ್ರ ನಿಲ್ಲುವುದು ಕಂಡರೆ ತಕ್ಷಣ ನರ್ಸನ್ನು ಕರೆಯಿರಿ, ಬಾಟಲಿ ಎಸೆಯದಂತೆ ಹೇಳಿ. ಔಷಧದ ಅಡ್ಡಪರಿಣಾಮ ದಾಖಲಿಸಲು ಕೇಂದ್ರದ ಉಚಿತ ಸಹಾಯವಾಣಿ 1800-180-3024 ಇದೆ, ಸಾಮಾನ್ಯ ಜನರೂ ಕರೆ ಮಾಡಬಹುದು.

ಆರ್‌ಎಲ್ಲೋ ಎನ್‌ಎಸ್ಸೋ ಎಂಬುದನ್ನು ಮಗುವನ್ನು ಮುಟ್ಟಿ ನೋಡಿದ ಡಾಕ್ಟರು ತೀರ್ಮಾನಿಸಲಿ. ಆ ಬಾಟಲಿಯಲ್ಲಿ ಲೇಬಲ್ ಹೇಳಿದ್ದೇ ಇದೆ ಎಂಬ ಖಾತ್ರಿ ಕೊಡಬೇಕಾದದ್ದು ಸರ್ಕಾರ. ಈ ಎರಡು ಹೊಣೆಗಳನ್ನು ಬೆರೆಸಿಬಿಟ್ಟರೆ ಪ್ರತಿ ಸಾವಿನ ನಂತರವೂ ಯಾರೋ ಒಬ್ಬರ ಅಮಾನತಾಗುತ್ತದೆ, ಟೆಂಡರು ಹಾಗೇ ಮುಂದುವರಿಯುತ್ತದೆ.